ಹೊಲಿಗೆಯ ಹಿಂಬದಿ: ಗಾಯಾಳು ಸೈನಿಕರ ಒಂದು ಪೀಠವಸ್ತ್ರ ಮತ್ತು ಸಂರಕ್ಷಣೆಯ ಕೆಲವು ಪ್ರಶ್ನೆಗಳು

1919ರ ಜುಲೈ 6ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಹಾಯುದ್ಧ ಮುಗಿದದ್ದಕ್ಕೆ ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದು ಎಂಟು ದಿನವಾಗಿತ್ತಷ್ಟೆ. ದೊರೆ ಐದನೆಯ ಜಾರ್ಜ್ ಬಂದಿದ್ದ ಆ ದಿನ ಮುಖ್ಯ ಬಲಿಪೀಠದ ಮುಂಬದಿಗೆ ಹೊಸದೊಂದು ಕಸೂತಿ ವಸ್ತ್ರವನ್ನು ಇಳಿಬಿಟ್ಟಿದ್ದರು. ನಡುವೆ ಪಾನಪಾತ್ರೆ, ಅದರ ಸುತ್ತ ಹುತಾತ್ಮರ ಕುರುಹಾದ ತಾಳೆಗರಿಗಳು, ಹೂವು, ಹಕ್ಕಿ. ಅದನ್ನು ಹೊಲಿದವರು ಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಗಳಲ್ಲಿದ್ದ 130ಕ್ಕೂ ಹೆಚ್ಚು ಸೈನಿಕರು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾಗಳಿಂದ ಬಂದಿದ್ದವರು. ಬಂದೂಕು ಹಿಡಿಯಲು ಕಲಿತ ಕೈಗೆ ಆಸ್ಪತ್ರೆಯಲ್ಲಿ ಸೂಜಿ ಹಿಡಿಯುವುದನ್ನು ಕಲಿಸಲಾಗಿತ್ತು.

ಇಪ್ಪತ್ತೊಂದು ವರ್ಷ ಆ ವಸ್ತ್ರ ಕೆಥೆಡ್ರಲ್‌ನಲ್ಲಿ ಬಳಕೆಯಲ್ಲಿತ್ತು. 1940ರ ಅಕ್ಟೋಬರ್ 10ರಂದು ಜರ್ಮನ್ ಬಾಂಬೊಂದು ಕಟ್ಟಡದ ಪೂರ್ವ ಭಾಗದ ಚಾವಣಿಯನ್ನು ತೂರಿಕೊಂಡು ಬಿದ್ದು ಮುಖ್ಯ ಬಲಿಪೀಠ ಹಾಳಾಯಿತು. ಯುದ್ಧದ ನಂತರ ಕಟ್ಟಿದ ಹೊಸ ಬಲಿಪೀಠಕ್ಕೆ ಹಳೆಯ ವಸ್ತ್ರ ಬೇಕಾಗಲಿಲ್ಲ. ಅದು ಉಗ್ರಾಣ ಸೇರಿತು. ಮತ್ತೆ ಜನರ ಕಣ್ಣಿಗೆ ಬಿದ್ದದ್ದು 2014ರಲ್ಲಿ, ಮಹಾಯುದ್ಧದ ಶತಮಾನೋತ್ಸವದ ಹೊತ್ತಿಗೆ, ಸಂರಕ್ಷಣೆಯ ಕೆಲಸ ಮುಗಿದ ಮೇಲೆ. ಒಂದು ಯುದ್ಧದ ಗಾಯಾಳುಗಳು ಹೊಲಿದದ್ದನ್ನು ಇನ್ನೊಂದು ಯುದ್ಧ ಮೂಲೆಗೆ ಸೇರಿಸಿತು ಎನ್ನುವುದು ಕಥೆಗಾರರಿಗೆ ಇಷ್ಟವಾಗುವ ಸಂಗತಿ. ಈ ಟಿಪ್ಪಣಿಯ ಆಸಕ್ತಿ ಅದಲ್ಲ. ಅಂಗವಿಕಲರು ಕಲಿಯುತ್ತಾ ಕಲಿಯುತ್ತಾ ಒಟ್ಟಾಗಿ ಮಾಡಿದ ಬಟ್ಟೆಯೊಂದು ಹಳೆಯದಾಗಿ ನಮ್ಮ ಕೈಗೆ ಬಂದಾಗ, ಅದರಲ್ಲಿ ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದು ನನ್ನ ಪ್ರಶ್ನೆ.

ಪದಗಳ ಬಗ್ಗೆ ಎರಡು ಮಾತು. ಬಲಿಪೀಠದ ಮುಂಬದಿಯ ಈ ವಸ್ತ್ರಕ್ಕೆ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲದ್ದರಿಂದ ಮುಂದೆ ‘ಪೀಠವಸ್ತ್ರ’ ಎಂದೇ ಬಳಸುತ್ತೇನೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ ಎಂಬ ಮೂರೂ ಪದಗಳು ನಮ್ಮಲ್ಲಿ ಚಲಾವಣೆಯಲ್ಲಿವೆ. ಮೊದಲನೆಯದನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಈ ಟಿಪ್ಪಣಿಯಲ್ಲಿ ಮಾತು ನಿಜವಾಗಿಯೂ ಅಂಗದ ಬಗ್ಗೆಯೇ ಇದೆ: ಕೈ, ಬೆರಳು, ಕಣ್ಣು. ಹಳೆಯ ದಾಖಲೆಗಳಲ್ಲಿ ಇವಕ್ಕಿಂತ ಒರಟಾದ ಪದಗಳು ಸಿಗುತ್ತವೆ. ದಾಖಲೆಯ ನಕಲಿನಲ್ಲಿ ಅವು ಹಾಗೆಯೇ ಇರಬೇಕು, ಪ್ರದರ್ಶನದ ಫಲಕಕ್ಕೆ ಮಾತ್ರ ಏರಬಾರದು.

ಆ ಯುದ್ಧದಲ್ಲಿ ಬ್ರಿಟನ್ ಒಂದರಲ್ಲೇ ಸುಮಾರು 41,000 ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಬದುಕಿ ಉಳಿದವರಿಗೆ ಏನು ಕೆಲಸ ಎಂಬುದು ವೈದ್ಯರಿಗೂ ಸರ್ಕಾರಕ್ಕೂ ಒಟ್ಟಿಗೇ ಎದುರಾದ ಚಿಂತೆ. ಬ್ರೈಟನ್ನಿನ ರಾಯಲ್ ಪೆವಿಲಿಯನ್ ನಮ್ಮ ಓದುಗರಿಗೆ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿ ಗೊತ್ತು. ಅದು ಹಾಗಿದ್ದದ್ದು 1914ರ ಕೊನೆಯಿಂದ 1916ರ ಆರಂಭದವರೆಗೆ ಮಾತ್ರ. ಆಮೇಲೆ 1920ರವರೆಗೆ ಅದೇ ಅರಮನೆ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಯಿತು. ರಾಣಿ ಮೇರಿಯ ಹೆಸರಿನಲ್ಲಿ ಅಲ್ಲೊಂದು ಕಾರ್ಯಾಗಾರ ನಡೆದು, ಮನೆಗೆ ಹೋಗುವ ಮುಂಚೆ ಅವರಿಗೊಂದು ಕಸುಬು ಕಲಿಸುವ ಏರ್ಪಾಡಾಯಿತು. ಪೀಠವಸ್ತ್ರ ಹೊಲಿದವರ ನಾಲ್ಕು ದೇಶಗಳಲ್ಲಿ ಭಾರತ ಏಕಿಲ್ಲ ಎಂದು ಕೇಳುವವರಿಗೆ ಈ ಇಸವಿಗಳೇ ಬಹುಮಟ್ಟಿಗೆ ಉತ್ತರ. ಕಸೂತಿಯ ಕೆಲಸ ನಡೆದ ಹೊತ್ತಿಗೆ ಇಂಗ್ಲೆಂಡಿನ ಆ ದೊಡ್ಡ ಆಸ್ಪತ್ರೆಗಳಿಂದ ಭಾರತೀಯರನ್ನು ಕಳಿಸಿಯಾಗಿತ್ತು.

ಶೆಫೀಲ್ಡಿನಲ್ಲಿ ಆನಿ ಬಿಂಡನ್ ಕಾರ್ಟರ್ ಎಂಬ ಕಲಾವಿದೆ ವಾರ್ನ್‌ಕ್ಲಿಫ್ ಯುದ್ಧ ಆಸ್ಪತ್ರೆಯ ಗಾಯಾಳುಗಳಿಗೆ ಬಟ್ಟೆಯ ಮೇಲೆ ಅಚ್ಚಿಟ್ಟು ಬಣ್ಣ ತುಂಬುವುದನ್ನು ಕಲಿಸಿದರು. ಕೈ ಇಲ್ಲದವರ ಮೊಂಡುತೋಳಿಗೆ ಕುಂಚ ಕಟ್ಟಿ ಕಲಿಸಿದ್ದೂ ಉಂಟು. ಅದೇ ಬೆಳೆದು 1923ರಲ್ಲಿ ಪೇಂಟೆಡ್ ಫ್ಯಾಬ್ರಿಕ್ಸ್ ಎಂಬ ಕಂಪನಿಯಾಯಿತು. ಲಂಡನ್ನಿನಲ್ಲಿ 1918ರಲ್ಲಿ ಅಂಗವಿಕಲ ಸೈನಿಕರ ಕಸೂತಿ ಉದ್ಯಮ ಎಂಬ ಸಂಸ್ಥೆ ಶುರುವಾಯಿತು. ಅದರ ಹಿಂದಿದ್ದವರಲ್ಲಿ ಮುಖ್ಯ ಹೆಸರು ಅರ್ನೆಸ್ಟ್ ಥೆಸಿಜರ್ ಎಂಬ ನಟನದು. 1915ರ ಆರಂಭದಲ್ಲಿ ಫ್ರಾನ್ಸಿನಲ್ಲಿ ಅವನ ಕೈಗಳಿಗೇ ಪೆಟ್ಟಾಗಿತ್ತು. ಸ್ವತಃ ಪಳಗಿದ ಕಸೂತಿಗಾರ, 1941ರಲ್ಲಿ ಕಸೂತಿಯ ಬಗ್ಗೆ ಪುಸ್ತಕವನ್ನೇ ಬರೆದ. ಹಳೆಯ ಇಂಗ್ಲಿಷ್ ಸಿನಿಮಾ ನೋಡುವವರಿಗೆ 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ವಿಲಕ್ಷಣ ಡಾಕ್ಟರನಾಗಿ ಪರಿಚಿತ. ಹೇಳಬೇಕಾದದ್ದು ಇಷ್ಟು: ಪೀಠವಸ್ತ್ರ ಒಂಟಿ ಘಟನೆಯಲ್ಲ. ಹೆಂಗಸರ ಕೆಲಸ ಎಂದು ನಗುತ್ತಿದ್ದ ಸಮಾಜದಲ್ಲಿ ಗಂಡಸರಿಗೆ ಸೂಜಿ ಕೊಟ್ಟು ಕೂರಿಸಿದ ಒಂದು ಇಡೀ ಕಾಲದ ಕೂಸು ಅದು.

ಕೆಲಸ ಹಂಚಿಕೆಯಾದ ರೀತಿಯನ್ನು ಗಮನಿಸಬೇಕು. ವಿನ್ಯಾಸ ಸೈನಿಕರದಲ್ಲ. 1872ರಲ್ಲಿ ಹುಟ್ಟಿದ, ಇಂದಿಗೂ ನಡೆಯುತ್ತಿರುವ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಮಾದರಿ ಸಿದ್ಧಪಡಿಸಿತು. ತುಂಡು ತುಂಡಾಗಿ ಬಟ್ಟೆ ಬೇರೆ ಬೇರೆ ಆಸ್ಪತ್ರೆಗಳಿಗೆ ಹೋಯಿತು. ಹೊಲಿದು ವಾಪಸ್ ಬಂದ ತುಂಡುಗಳನ್ನು ಆ ಶಾಲೆಯ ನುರಿತ ಕೈಗಳು ಜೋಡಿಸಿದವು. ಒಂದು ತುಂಡು ಹೊಲಿದವನು ಪಕ್ಕದ ತುಂಡನ್ನು ನೋಡಿರಲೇಬೇಕೆಂದಿಲ್ಲ. ಹೀಗಾಗಿ ಮುಂಬದಿಯಲ್ಲಿ ಕಾಣುವುದು ಒಬ್ಬರ ಮನಸ್ಸಿನಲ್ಲಿ ಮೂಡಿದ ಒಂದೇ ಚಿತ್ರ. ನೂರಮೂವತ್ತು ಚಿಲ್ಲರೆ ಕೈಗಳನ್ನು ನೋಡಬೇಕೆಂದರೆ ಅದರ ಬೆನ್ನು ತಿರುಗಿಸಬೇಕು.

ಧಾರವಾಡದ ಕಡೆಯ ಕಸೂತಿ ಬಲ್ಲವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ. ಗಂಟಿಲ್ಲ, ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೋದ ದಾರಿಯಲ್ಲೇ ದಾರ ಮರಳಿ ಬರುತ್ತದೆ. ಅಲ್ಲಿ ಹಿಂಬದಿಯ ಅಚ್ಚುಕಟ್ಟೇ ಕುಶಲತೆಯ ಪರೀಕ್ಷೆ. ಮಗಳು ಹಾಕಿದ ಕಸೂತಿಯನ್ನು ಮೊದಲು ತಿರುಗಿಸಿ ನೋಡುವ ಅಜ್ಜಿಯರು ಈಗಲೂ ಇದ್ದಾರೆ. ಯೂರೋಪಿನ ಇಗರ್ಜಿ ಕಸೂತಿ ಬೇರೆ ಜಾತಿ. ಅದಕ್ಕೆ ಅಸ್ತರಿ ಕೊಡುವುದು ರೂಢಿ, ಆದ್ದರಿಂದ ಬೆನ್ನು ಯಾರಿಗೂ ಕಾಣುವುದಿಲ್ಲ. ಕಾಣದ ಜಾಗದಲ್ಲಿ ಮನುಷ್ಯ ಪ್ರಾಮಾಣಿಕನಾಗಿರುತ್ತಾನೆ: ಗಂಟು ಹಾಕುತ್ತಾನೆ, ಒಂದು ಎಲೆಯಿಂದ ಇನ್ನೊಂದು ಎಲೆಗೆ ದಾರ ಕತ್ತರಿಸದೆ ಹಾರುತ್ತಾನೆ, ಬಿಚ್ಚಿ ಮತ್ತೆ ಹೊಲಿದ ತೂತುಗಳನ್ನು ಹಾಗೇ ಬಿಡುತ್ತಾನೆ.

ಈ ಹಿಂಬದಿಯಿಂದ ಏನೇನು ತಿಳಿಯಬಹುದು? ಮೊದಲನೆಯದು ಬಣ್ಣ. ಮುಂಬದಿಯ ದಾರ ಬೆಳಕಿಗೆ ಮಾಸಿರುತ್ತದೆ, ಅಸ್ತರಿಯ ಕೆಳಗಿನ ದಾರ ಹೊಲಿದ ದಿನದ ಬಣ್ಣವನ್ನು ಹೆಚ್ಚುಕಡಿಮೆ ಉಳಿಸಿಕೊಂಡಿರುತ್ತದೆ. ಎರಡೂ ಬದಿ ಒಂದೇ ಬಣ್ಣವಿರುವ ದಾರ ಸಿಕ್ಕರೆ ಅದು ಬಹುಶಃ ಆಮೇಲೆ ಯಾರೋ ಮಾಡಿದ ದುರಸ್ತಿ. ಎರಡನೆಯದು ಕೈ. ಬಲಗೈಯವರು ಸ್ಟೆಮ್ ಸ್ಟಿಚ್ ಹಾಕುವಾಗ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಸಾಗುತ್ತಾರೆ, ಎಡಗೈಯವರು ಬಲದಿಂದ ಎಡಕ್ಕೆ. ಹೊಲಿಗೆಯ ಓರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎನ್ನುವುದು ಹಿಂದೆ ಸ್ಪಷ್ಟ. ಬಲಗೈ ಕಳೆದುಕೊಂಡು ಎಡಗೈಯಲ್ಲಿ ಕಲಿತವರು ಇದ್ದಿರಬಹುದಾದ ಗುಂಪಿನಲ್ಲಿ ಇದು ಸಣ್ಣ ಸುಳಿವಲ್ಲ. ಮೂರನೆಯದು ಬಿಗಿ. ಬಿಗಿದು ಕಟ್ಟಿದ ಚೌಕಟ್ಟಿನ ಮೇಲೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ಹೊಲಿದಾಗ ದಾರದ ಎಳೆತ ಸಮನಾಗಿ ಬೀಳುತ್ತದೆ. ಒಂದೇ ಕೈ ಮೇಲಕ್ಕೂ ಕೆಳಕ್ಕೂ ಓಡಾಡಬೇಕಾದರೆ ಕೆಲಸ ನಿಧಾನವಾಗುತ್ತದೆ, ಎಳೆತವೂ ಹೊಲಿಗೆಯಿಂದ ಹೊಲಿಗೆಗೆ ಬದಲಾಗಬಹುದು.

‘ಬಹುದು’ ಎಂದು ಬರೆದದ್ದು ಬೇಕೆಂದೇ. ಓರೆಯಾದ ಹೊಲಿಗೆ ಕಂಡ ಕೂಡಲೇ ಅಂಗವೈಕಲ್ಯದ ಗುರುತು ಎಂದು ಬರೆದುಬಿಡುವ ಚಪಲ ಈ ಕ್ಷೇತ್ರದಲ್ಲಿ ಇದೆ. ಅದು ತಪ್ಪು. ಕಲಿಯುವ ಮೊದಲ ತಿಂಗಳಲ್ಲಿ ಯಾರ ಹೊಲಿಗೆಯೂ ಓರೆಯೇ. ಬಟ್ಟೆ ಕುಗ್ಗಿದರೆ ನೆಟ್ಟಗಿದ್ದ ಹೊಲಿಗೆಯೂ ಸುಕ್ಕುತ್ತದೆ. ನಡುವೆ ಯಾರೋ ಅವಸರದಲ್ಲಿ ದುರಸ್ತಿ ಮಾಡಿರುತ್ತಾರೆ. ಈ ಮೂರನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿದದ್ದನ್ನು ಮಾತ್ರ ದೇಹದ ಲೆಕ್ಕಕ್ಕೆ ಬರೆಯಬೇಕು. ಎದುರು ಸಾಕ್ಷಿಯಾಗಿ ಲಾರಾ ಬ್ರಿಜ್‌ಮನ್ ಇದ್ದಾಳೆ.

ಲಾರಾ ಹುಟ್ಟಿದ್ದು 1829ರ ಡಿಸೆಂಬರ್ 21ರಂದು, ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹ್ಯಾನೋವರ್‌ನಲ್ಲಿ. ಎರಡು ವರ್ಷದವಳಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಕಣ್ಣು, ಕಿವಿ ಎರಡೂ ಹೋದವು. ವಾಸನೆ, ರುಚಿಯೂ ಬಹುಪಾಲು ಹೋದವು. ಉಳಿದದ್ದು ಸ್ಪರ್ಶ. 1837ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಬಂದಳು. ಅಲ್ಲಿನ ನಿರ್ದೇಶಕ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ಚಮಚ, ಬೀಗದ ಕೈಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿ ಭಾಷೆ ಕಲಿಸಿದ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅವಳನ್ನು ನೋಡಿ ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಬರೆದ ಮೇಲೆ ಜಗತ್ಪ್ರಸಿದ್ಧಳಾದಳು. ಆ ಪ್ರಸಿದ್ಧಿಯ ಗದ್ದಲದಲ್ಲಿ ಮರೆಯಾದದ್ದು ಅವಳ ಸೂಜಿ. ಹೆಣಿಗೆ, ಲೇಸು, ಕಸೂತಿಗಳಲ್ಲಿ ಅವಳು ಪಳಗಿದವಳು. ಸೂಜಿಗೆ ದಾರ ಪೋಣಿಸಲು ನಾಲಿಗೆಯ ತುದಿ ಬಳಸುತ್ತಿದ್ದಳು ಎಂದು ನೋಡಿದವರು ಬರೆದಿದ್ದಾರೆ. 1889ರ ಮೇ 24ರಂದು ತೀರಿಕೊಳ್ಳುವವರೆಗೂ ಬಹುತೇಕ ಅದೇ ಶಾಲೆಯಲ್ಲಿದ್ದು, ಅಲ್ಲಿನ ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟಳು, ಕೈಕೆಲಸ ಮಾರಿ ನಾಲ್ಕು ಕಾಸು ಗಳಿಸಿದಳು.

ಅವಳ ಕೈಕೆಲಸದ ಮಾದರಿಗಳು ಪರ್ಕಿನ್ಸ್ ಶಾಲೆಯ ಸಂಗ್ರಹದಲ್ಲಿ ಉಳಿದಿವೆ. ಅವುಗಳಲ್ಲಿ ಕುರುಡುತನವನ್ನು ಹುಡುಕಿ ಹೋದವರಿಗೆ ಸಿಗುವುದು ನಿಖರವಾದ, ಸಮಸಮನಾದ ಕೈ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲೇಸು ಹೆಣೆಯುವಾಗ ಕಣ್ಣಿದ್ದವರೂ ಲೆಕ್ಕ ಇಡುವುದು ಬೆರಳಲ್ಲೇ. ಕನ್ನಡ ಶಾಲಾ ಪಾಠಗಳಲ್ಲಿ ಬರುವ ಒಂದು ಪ್ರಸಂಗ ಎಲ್ಲರಿಗೂ ನೆನಪಿದೆ: 1887ರ ಮಾರ್ಚಿನಲ್ಲಿ ಆನ್ ಸಲಿವನ್ ಹೆಲೆನ್ ಕೆಲರ್‌ಗೆ ಒಂದು ಗೊಂಬೆ ಕೊಟ್ಟು, ಅಂಗೈ ಮೇಲೆ ಆ ಪದದ ಅಕ್ಷರಗಳನ್ನು ಮೂಡಿಸಿದ್ದು. ಆ ಗೊಂಬೆಯನ್ನು ಕಳಿಸಿದವರು ಪರ್ಕಿನ್ಸ್‌ನ ಅಂಧ ಮಕ್ಕಳು. ಅದಕ್ಕೆ ಬಟ್ಟೆ ಹೊಲಿದು ತೊಡಿಸಿದವಳು ಲಾರಾ. ಹೆಲೆನ್ ತನ್ನ ಆತ್ಮಕಥೆಯಲ್ಲೇ ಇದನ್ನು ಹೇಳಿದ್ದಾಳೆ. ಪಾಠ ಬರೆಯುವ ನಮ್ಮವರು ಗೊಂಬೆಯನ್ನು ಉಳಿಸಿಕೊಂಡು ಅದರ ಅಂಗಿಯನ್ನು ಬಿಟ್ಟುಬಿಡುತ್ತಾರೆ.

ಪೀಠವಸ್ತ್ರಕ್ಕೆ ಮರಳೋಣ. ಇಂಥದ್ದನ್ನು ‘ಸರಿಪಡಿಸುವುದು’ ಎಂದರೇನು? ಕನ್ನಡದಲ್ಲಿ ಕೈಗೆ ಮೊದಲು ಸಿಗುವ ಪದ ಜೀರ್ಣೋದ್ಧಾರ. ದೇವಸ್ಥಾನಕ್ಕೆ ಬಳಸುವ ಪದ. ಅದರಲ್ಲಿ ಹಳೆಯದನ್ನು ಹೊಸದರಂತೆ ಮಾಡುವ ಹಂಬಲ ಇದೆ. ಕಲ್ಲಿನ ಕಂಬಕ್ಕೆ ಎನಾಮಲ್ ಪೇಂಟು ಬಳಿಯುವಾಗಲೂ, ಸವೆದ ಮೆಟ್ಟಿಲಿಗೆ ಗ್ರಾನೈಟು ಹಾಸುವಾಗಲೂ ನಾವು ಇದೇ ಹೆಸರು ಹೇಳುತ್ತೇವೆ. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯ ಸಂರಕ್ಷಣಾ ಸಮಿತಿ 2008ರಲ್ಲಿ ಸಮಾವೇಶ ನಡೆಸಿ ಈ ಕ್ಷೇತ್ರದ ಪದಗಳನ್ನು ನಿಗದಿಪಡಿಸಿದ್ದು ನಮ್ಮ ನವದೆಹಲಿಯಲ್ಲೇ. ಅಲ್ಲಿ ಮೂರು ಕೆಲಸಗಳನ್ನು ಬೇರ್ಪಡಿಸಲಾಯಿತು. ಹಾಳಾಗದಂತೆ ಸುತ್ತಲಿನ ಪರಿಸ್ಥಿತಿಯನ್ನು ನೋಡಿಕೊಳ್ಳುವುದು ಒಂದು. ಹಾಳಾಗುತ್ತಿರುವುದನ್ನು ವಸ್ತುವಿನ ಮೇಲೇ ಕೆಲಸ ಮಾಡಿ ತಡೆಯುವುದು ಇನ್ನೊಂದು. ನೋಡಿದವರಿಗೆ ಅರ್ಥವಾಗುವಂತೆ ಅದರ ರೂಪವನ್ನು ಮರಳಿ ತರುವುದು ಮೂರನೆಯದು. ಈ ಮೂರನೆಯದು ಸ್ಥಿರವಾಗಿರುವ ವಸ್ತುವಿಗೆ, ಅದರ ಮೂಲ ಸಾಮಗ್ರಿಯನ್ನು ಗೌರವಿಸಿ ಮಾಡಬೇಕಾದದ್ದು. ಅಂಗವಿಕಲರು ಹೊಲಿದ ಬಟ್ಟೆಯ ವಿಷಯದಲ್ಲಿ ಮೊದಲ ಎರಡು ಸಾಕು, ಮೂರನೆಯದಕ್ಕೆ ಕೈ ಹಾಕುವವರು ನೂರು ಸಲ ಯೋಚಿಸಬೇಕು ಎಂಬುದು ನನ್ನ ನಿಲುವು. ಬಿಟ್ಟುಹೋದ ಒಂದು ಎಲೆಯನ್ನು ಇಂದಿನ ನುರಿತ ಕಸೂತಿಗಾರ್ತಿ ಚೆಂದವಾಗಿ ತುಂಬಿಕೊಟ್ಟರೆ, ನೋಡುವ ಕಣ್ಣು ಹೋಗುವುದು ಆ ಎಲೆಗೇ. ಉಳಿದ ಎಲೆಗಳು ಅದರ ಪಕ್ಕದಲ್ಲಿ ತಪ್ಪುಗಳಂತೆ ಕಾಣತೊಡಗುತ್ತವೆ.

ತೊಳೆಯುವ ಪ್ರಶ್ನೆ ಇನ್ನೂ ತೊಡಕಿನದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಪ್ರಿನ್ಸ್‌ಹಾರ್ನ್ ಸಂಗ್ರಹದಲ್ಲಿ ಒಂದು ಕುಪ್ಪಸ ಇದೆ. ಆಗ್ನೆಸ್ ರಿಕ್ಟರ್ ಎಂಬ ಸಿಂಪಿಗಿತ್ತಿ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, 1895ರ ಸುಮಾರಿಗೆ, ಆಸ್ಪತ್ರೆಯ ಬಟ್ಟೆಯಿಂದಲೇ ಹೊಲಿದುಕೊಂಡದ್ದು. ಮೈತುಂಬ, ಒಳಗೂ ಹೊರಗೂ, ಹಳೆಯ ಜರ್ಮನ್ ಕೈಬರಹದಲ್ಲಿ ದಾರದ ಅಕ್ಷರಗಳು. ಹಲವು ಕಡೆ ಮೈಗೆ ತಾಗಿ ಸವೆದು ಓದಲಾಗದಂತಾಗಿವೆ. ಬೆವರಿನ ಕಲೆಗಳೂ ಉಂಟು. ಸಾಮಾನ್ಯ ನ್ಯಾಯದಲ್ಲಿ ಬೆವರು ಬಟ್ಟೆಯ ಶತ್ರು, ಎಳೆಯನ್ನು ತಿನ್ನುತ್ತದೆ, ತೊಳೆಯಬೇಕು. ಆದರೆ ಅವಳು ಅದನ್ನು ನಿಜವಾಗಿಯೂ ತೊಟ್ಟಿದ್ದಳು ಎಂಬುದಕ್ಕೆ ಆ ಕಲೆಯೇ ಪುರಾವೆ. ಇಲ್ಲಿ ಕೊಳೆ ಯಾವುದು, ದಾಖಲೆ ಯಾವುದು ಎಂದು ತೀರ್ಮಾನಿಸುವುದು ರಸಾಯನಶಾಸ್ತ್ರದ ಕೆಲಸವಲ್ಲ, ಇತಿಹಾಸದ ಕೆಲಸ. ಪೀಠವಸ್ತ್ರದಂಥ ಬಟ್ಟೆಗೂ ಇದು ಅನ್ವಯಿಸುತ್ತದೆ. ಮೋಂಬತ್ತಿಯ ಮೇಣ ಇಗರ್ಜಿಯ ಬಳಕೆಯ ಗುರುತು, ಕೈಬೆರಳಿನ ಎಣ್ಣೆ ಹೊಲಿದವನ ಗುರುತು ಆಗಿರಬಹುದು. ಧೂಳಿಗೆ ಮಾತ್ರ ಯಾವ ಮರ್ಯಾದೆಯೂ ಬೇಕಿಲ್ಲ.

ಧೂಳು ತೆಗೆಯುವ ಕ್ರಮ ಸರಳ, ತಾಳ್ಮೆ ಬೇಡುವಂಥದು. ಬಟ್ಟೆಯ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿ, ಅತಿ ಕಡಿಮೆ ಎಳೆತಕ್ಕೆ ಇಳಿಸಿದ ವ್ಯಾಕ್ಯೂಮಿನಿಂದ ಅಂಗುಲ ಅಂಗುಲವಾಗಿ ಸಾಗಬೇಕು. ನೀರು ತಾಗಿಸುವ ಮುಂಚೆ ಪ್ರತಿಯೊಂದು ಬಣ್ಣದ ದಾರಕ್ಕೂ ಬೇರೆ ಬೇರೆ ಪರೀಕ್ಷೆ: ಕಾಣದ ಮೂಲೆಯಲ್ಲಿ ಒಂದು ಹನಿ ಇಟ್ಟು, ಒತ್ತುಕಾಗದವನ್ನು ಅದುಮಿ, ಬಣ್ಣ ಬಿಡುತ್ತದೆಯೇ ನೋಡಬೇಕು. ಹಲವರು ಹೊಲಿದ ಬಟ್ಟೆಯಲ್ಲಿ ಒಂದೇ ಕೆಂಪು ಎಂದು ಕಂಡದ್ದು ಮೂರು ಬೇರೆ ಲಡಿಗಳದ್ದಾಗಿರಬಹುದು. ಎರಡು ಗಟ್ಟಿ, ಒಂದು ಬಣ್ಣ ಬಿಡುವಂಥದ್ದು. ರೇಷ್ಮೆಯಾದರೆ ಇನ್ನೊಂದು ಅಪಾಯ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತರ ಮೊದಲ ಭಾಗದಲ್ಲಿ ರೇಷ್ಮೆಗೆ ತವರದ ಲವಣ ಕುಡಿಸಿ ತೂಕ ಹೆಚ್ಚಿಸಿ ಮಾರುವುದು ವ್ಯಾಪಾರದ ರೂಢಿಯಾಗಿತ್ತು. ಅಂಥ ರೇಷ್ಮೆ ಪೆಟ್ಟಿಗೆಯೊಳಗೇ ಇದ್ದರೂ ಮಡಿಕೆ ಮಡಿಕೆಯಾಗಿ ಸೀಳುತ್ತದೆ. ಅದನ್ನು ತಡೆಯುವ ಔಷಧ ಇಲ್ಲ. ಸೀಳಿದ್ದನ್ನು ಆಧಾರ ಕೊಟ್ಟು ಹಿಡಿದು ನಿಲ್ಲಿಸಬಹುದು, ಅಷ್ಟೆ.

ಆಧಾರ ಎಂದರೆ ಬಟ್ಟೆಯ ಹಿಂದೆ ಇನ್ನೊಂದು ಬಟ್ಟೆ, ಅಥವಾ ಮುಂದೆ ಗಾಳಿಯಂಥ ತೆಳು ರೇಷ್ಮೆಯ ಜಾಲರಿ. ಸಡಿಲವಾದ ಎಳೆಗಳನ್ನು ಉದ್ದಕ್ಕೆ ಮಲಗಿಸಿ, ಕೂದಲಿನಷ್ಟು ಸಣ್ಣ ದಾರದಿಂದ ಅಲ್ಲಲ್ಲಿ ಅಡ್ಡ ಟಾಕಾ ಹಾಕಿ ಕೂರಿಸುತ್ತಾರೆ. ಹೊಸ ಟಾಕಾ ಹಳೆಯ ಸೂಜಿತೂತಿನಲ್ಲೇ ಇಳಿಯಬೇಕು, ಸಾಧ್ಯವಾಗದಿದ್ದರೆ ಎಳೆಗಳ ನಡುವೆ, ಎಳೆಯನ್ನು ಚುಚ್ಚಬಾರದು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಮೂಲಕ್ಕೆ ಪೆಟ್ಟಾಗದೆ ಬಿಚ್ಚಲು ಬರಬೇಕು. ಅಂಟು ಬಳಸಿ ಕಳೆದ ಶತಮಾನದಲ್ಲಿ ಕೈ ಸುಟ್ಟುಕೊಂಡವರು ಬಹಳ. ಇಂಗ್ಲೆಂಡಿನಲ್ಲಿ ಕ್ಯಾರನ್ ಫಿಂಚ್ 1975ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಶುರುಮಾಡಿದ ಜವಳಿ ಸಂರಕ್ಷಣಾ ಕೇಂದ್ರ ಒಂದು ಪೀಳಿಗೆಗೆ ಈ ಶಿಸ್ತನ್ನು ಕಲಿಸಿತು. ವಿಂಚೆಸ್ಟರಿಗೆ ಹೋದ ಆ ಕೇಂದ್ರ 2009ರಲ್ಲಿ ಮುಚ್ಚಿತು. ಮರುವರ್ಷ ಗ್ಲಾಸ್ಗೋದಲ್ಲಿ ಅದರ ಪರಂಪರೆ ಮುಂದುವರಿಯಿತು.

ಇಷ್ಟೆಲ್ಲ ಮಾಡಿದ ಮೇಲೆ ಹೊಸ ಅಸ್ತರಿ ಕೊಟ್ಟು ಬಿಗಿಯಾಗಿ ಹೊಲಿದುಬಿಟ್ಟರೆ? ಪುಸ್ತಕವನ್ನು ಚೆನ್ನಾಗಿ ಬೈಂಡು ಮಾಡಿಸಿ ಪುಟಗಳನ್ನು ಅಂಟಿಸಿದಂತಾಯಿತು. ಅಸ್ತರಿ ತೆಗೆದಿರುವ ಆ ಕೆಲವು ದಿನಗಳು ಸಂಶೋಧಕನ ಪಾಲಿಗೆ ಮತ್ತೆ ಸಿಗದ ಸಮಯ. ಇಡೀ ಬೆನ್ನನ್ನು ಅಳತೆಪಟ್ಟಿಯೊಂದಿಗೆ ಭಾಗ ಭಾಗವಾಗಿ ಫೋಟೊ ತೆಗೆಯಬೇಕು. ನೇರ ಬೆಳಕಲ್ಲಿ ಒಮ್ಮೆ, ಪಕ್ಕದಿಂದ ಬೀಳುವ ಓರೆ ಬೆಳಕಲ್ಲಿ ಇನ್ನೊಮ್ಮೆ, ಏಕೆಂದರೆ ಬಿಚ್ಚಿ ಹೊಲಿದ ತೂತುಗಳು ಓರೆ ಬೆಳಕಿಗಷ್ಟೇ ಕಾಣುತ್ತವೆ. ಹೊಸ ಅಸ್ತರಿಯ ಮೂರು ಅಂಚುಗಳನ್ನು ಹೊಲಿದು ಒಂದನ್ನು ಬಿಚ್ಚಲು ಬರುವಂತೆ ಬಿಡಬೇಕು.

ಹಳೆಯ ದುರಸ್ತಿಗಳ ಬಗ್ಗೆ ನಮ್ಮ ಕೌದಿ ಒಂದು ಮಾತು ಹೇಳುತ್ತದೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಸೇರಿ ಕೌದಿಯಾಗುತ್ತದೆ. ಹರಿದಲ್ಲಿ ಇನ್ನೊಂದು ತೇಪೆ ಬೀಳುತ್ತದೆ, ಅದರ ಮೇಲೆ ಮತ್ತೊಂದು. ಯಾವ ತೇಪೆ ‘ಮೂಲ’, ಯಾವುದು ‘ದುರಸ್ತಿ’ ಎಂದು ಕೇಳಿದರೆ ಹೊಲಿದವಳು ನಕ್ಕಾಳು. ಸಮುದಾಯ ಹೊಲಿದ ಬಟ್ಟೆಯಲ್ಲಿ ತೇಪೆಯೂ ಸಮುದಾಯದ್ದೇ. ಪೀಠವಸ್ತ್ರದಂಥ ವಸ್ತುವಿನಲ್ಲಿ ಇಗರ್ಜಿಯ ಸೇವಕರು 1919ರಿಂದ 1940ರ ನಡುವೆ ಹಾಕಿರಬಹುದಾದ ಟಾಕಾಗಳನ್ನು, ಅವು ಬಟ್ಟೆಯನ್ನು ಎಳೆದು ಹರಿಯದಿರುವವರೆಗೆ, ಬಿಚ್ಚುವ ಹಕ್ಕು ನಮಗಿಲ್ಲ ಎಂದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ.

ಪ್ರದರ್ಶನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಳಕು 50 ಲಕ್ಸ್ ಮೀರಬಾರದು, ಅದೂ ವರ್ಷಪೂರ್ತಿ ಅಲ್ಲ. ಮಡಿಸಬಾರದು, ಚಪ್ಪಟೆಯಾಗಿ ಮಲಗಿಸಿ, ಇಲ್ಲವೇ ದಪ್ಪ ಕೊಳವೆಗೆ ಸುತ್ತಿ ಇಡಬೇಕು.

ಹೆಸರುಗಳ ವಿಷಯಕ್ಕೆ ಬಂದರೆ ಪೀಠವಸ್ತ್ರ ಅಪರೂಪದ ಅದೃಷ್ಟ ಪಡೆದದ್ದು. ಹೊಲಿದವರ ಹೆಸರಿನ ಪಟ್ಟಿ ಕೆಥೆಡ್ರಲ್‌ನಲ್ಲಿ ಉಳಿದಿತ್ತು. ಶತಮಾನೋತ್ಸವದ ಹೊತ್ತಿಗೆ ಅದನ್ನು ಮುಂದಿಟ್ಟು ಅವರ ವಂಶದವರನ್ನು ಹುಡುಕುವ ಪ್ರಯತ್ನ ನಡೆಯಿತು. ಉಗ್ರಾಣದಿಂದ ಬಟ್ಟೆ ಹೊರಬಂದದ್ದಕ್ಕಿಂತ ಆ ಪಟ್ಟಿ ಹೊರಬಂದದ್ದು ದೊಡ್ಡ ಸಂಗತಿ. ಲಾರಾಗೆ ಅವಳ ಪ್ರಸಿದ್ಧಿಯೇ ಹೆಸರು ಉಳಿಸಿತು. ಅವಳ ಪಕ್ಕದಲ್ಲಿ ಕೂತು ಹೆಣೆದ ಹುಡುಗಿಯರ ಕೆಲಸವೂ ಮಾರಾಟವಾಯಿತು. ಕೊಂಡವರ ಮನೆಗಳಲ್ಲಿ ಅವು ಬರೀ ‘ಅಂಧರ ಶಾಲೆಯ ಲೇಸು’ ಆಗಿ ಉಳಿದಿರುತ್ತವೆ.

ನಮ್ಮಲ್ಲಿ? ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಶುರುವಾದದ್ದು 1901ರಲ್ಲಿ. ಅದಕ್ಕೂ ಮುಂಚೆ 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್, 1890ರಲ್ಲಿ ತಿರುನೆಲ್ವೇಲಿ ಬಳಿಯ ಪಾಳಯಂಕೋಟೆಯಲ್ಲಿ ಆನ್ ಆಸ್ಕ್‌ವಿತ್ ಅಂಧರಿಗೆ ಕಲಿಸತೊಡಗಿದ್ದರು. ಇಂಥ ಶಾಲೆಗಳಲ್ಲಿ ಅಕ್ಷರದ ಜೊತೆಗೇ ಕೈಕೆಲಸವೂ ಪಾಠವಾಗಿತ್ತು: ನೇಯ್ಗೆ, ಹೆಣಿಗೆ, ಹೊಲಿಗೆ, ಕುರ್ಚಿಗೆ ಬೆತ್ತ ಹೆಣೆಯುವುದು. ನಮ್ಮ ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿಗಳಲ್ಲಿ ಎಷ್ಟನ್ನೋ ಅಂಧರು ಹೆಣೆದಿದ್ದಾರೆ. ಅವುಗಳ ಮೇಲೆ ಕೂತು ಕಡತ ಬರೆದವರ ಹೆಸರು ಪತ್ರಾಗಾರದಲ್ಲಿದೆ, ಹೆಣೆದವರದ್ದಿಲ್ಲ. ರಾಜ್ಯದ ವಿಶೇಷ ಶಾಲೆಗಳಲ್ಲಿ ವಾರ್ಷಿಕೋತ್ಸವಕ್ಕೆಂದು ಮಕ್ಕಳು ಸೇರಿ ಹೊಲಿದ ಬ್ಯಾನರು, ವೇದಿಕೆಯ ಪರದೆ, ಮೇಜುಬಟ್ಟೆಗಳು ಕಬ್ಬಿಣದ ಬೀರುಗಳಲ್ಲಿ ನುಸಿಗುಳಿಗೆಯ ಜೊತೆ ಇರುತ್ತವೆ. ಸಂಸ್ಥೆಯ ಐವತ್ತನೆಯ, ನೂರನೆಯ ವರ್ಷ ಬಂದಾಗ ಅವು ಹೊರಬರುತ್ತವೆ. ಆಗ ಮೊದಲು ಆಗುವ ಕೆಲಸ, ಅವನ್ನು ಡ್ರೈಕ್ಲೀನಿಂಗಿಗೋ ಅಗಸರಿಗೋ ಕೊಡುವುದು.

ಅಂಥ ಬೀರುವಿನ ಕೀಲಿ ಇರುವವರಲ್ಲಿ ನನ್ನ ವಿನಂತಿ ಇಷ್ಟು. ತೊಳೆಯಲು ಕೊಡಬೇಡಿ. ಶುಭ್ರವಾದ ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಮಗುಚಿ ಮಲಗಿಸಿ, ಬೆಳಗಿನ ಹೊತ್ತು ಕಿಟಕಿಯ ಬೆಳಕಲ್ಲಿ, ಬಿಸಿಲು ನೇರ ಬೀಳದಂತೆ, ಮೊಬೈಲಿನಲ್ಲೇ ಆಗಲಿ, ಬೆನ್ನಿನ ಫೋಟೊ ತೆಗೆಯಿರಿ. ಅಗಸರು ಕೇರುಬೀಜದ ರಸದಲ್ಲಿ ಹಾಕಿದ ಹಳೆಯ ಗುರುತು ಇದ್ದರೆ ಅದನ್ನೂ ಸೇರಿಸಿ. ಬಟ್ಟೆ ಹೊಲಿದ ವರ್ಷದ ಹಾಜರಿ ಪುಸ್ತಕ ಇನ್ನೂ ಇದ್ದರೆ ಅದನ್ನು ತೆರೆದು ನೋಡಿ. ಹೊಲಿಗೆ ಕಲಿಸಿದ ಟೀಚರು ಬದುಕಿದ್ದರೆ ಅವರನ್ನು ಕರೆಸಿ, ಬಟ್ಟೆಯನ್ನು ಅವರ ಮುಂದಿಟ್ಟು, ಯಾವ ಹೂವು ಯಾರದ್ದು ಎಂದು ಕೇಳಿ. ಹಳೆಯ ವಿದ್ಯಾರ್ಥಿಗಳು ಬಂದರೆ ಬಟ್ಟೆಯನ್ನು ಗಾಜಿನೊಳಗಿಡುವ ಮುಂಚೆ ಅವರ ಬೆರಳಿಗೆ ಒಮ್ಮೆ ಕೊಡಿ. ತಮ್ಮ ಹೊಲಿಗೆಯನ್ನು ಅವರು ನಮಗಿಂತ ಬೇಗ ಗುರುತಿಸುತ್ತಾರೆ. ಸಿಕ್ಕ ಹೆಸರುಗಳನ್ನು, ಮಕ್ಕಳ ಮನೆಯವರು ಒಪ್ಪಿದರೆ, ಬಿಳಿ ಹತ್ತಿ ಲಾಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಅಂಚಿನ ಮಡಿಕೆಗೆ ಎರಡು ಸಡಿಲ ಟಾಕಾ ಹಾಕಿ ಹೊಲಿಯಿರಿ. ಪೆನ್ಸಿಲೇ ಆಗಬೇಕು. ಬಾಲ್‌ಪೆನ್ನಿನ ಶಾಯಿ ಹಬ್ಬುತ್ತದೆ.